ಬೆಳಕನ್ನು ಹಂಚುವ ಪರದೆ



ಈಚಿನ ಕೆಲವು ವರ್ಷಗಳಿಂದ ನನ್ನ ಬಳಿ ಒಂದು ಹೊಸ ಬಗೆಯ ಪ್ರಶ್ನೆ ಬರತೊಡಗಿದೆ. ಬೆಂಗಳೂರು, ಪುಣೆಗಳಲ್ಲಿ, ಇಲ್ಲವೇ ಕಡಲಾಚೆ ದುಡಿಯುತ್ತಿರುವ ನೀವು ಊರಿನಲ್ಲಿ ಮನೆ ಕಟ್ಟಿಸುತ್ತೀರಿ. ಬೈಲಹೊಂಗಲದಲ್ಲೋ ಸವದತ್ತಿಯಲ್ಲೋ ನಮ್ಮ ಚಚಡಿಯಲ್ಲೋ ಜಾಗ ಇರುತ್ತದೆ. ನಕ್ಷೆಯಲ್ಲಿ ದೇವರ ಕೋಣೆ, ಅಡುಗೆಮನೆ, ಪಡಸಾಲೆಗಳ ಜೊತೆಗೆ "ಹೋಮ್ ಥಿಯೇಟರ್" ಎಂಬ ಇನ್ನೊಂದು ಚೌಕವೂ ಮೂಡುತ್ತದೆ. "ಸರ, ಯಾವ ಪ್ರೊಜೆಕ್ಟರ್ ಚಲೋರಿ?" ಎಂದು ಕೇಳುತ್ತೀರಿ. ಪರದೆಯ ವಿಚಾರ ಮಾತಿನ ಕೊನೆಗೆ, ಹೊರಡುವ ಹೊತ್ತಿಗೆ ಬರುತ್ತದೆ: "ಪರದೆ ಏನರ ಒಂದು ತಗೊಂಡರಾತಲ್ರಿ?"

ಆಗುವುದಿಲ್ಲ ಎಂಬುದೇ ಈ ಬರಹದ ಅಭಿಪ್ರಾಯ. ಯಂತ್ರ ಐದಾರು ವರ್ಷಗಳಲ್ಲಿ ಹಳೆಯದಾಗುತ್ತದೆ. ಅದರ ಜಾಗಕ್ಕೆ ಹೊಸದು ಬರುತ್ತದೆ. ಒಳ್ಳೆಯ ಪರದೆ ಎರಡು ಮೂರು ಯಂತ್ರಗಳ ಆಯುಷ್ಯವನ್ನು ನೋಡಬಲ್ಲದು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಆ ಕೋಣೆಯಲ್ಲಿ ಯಾರು ಯಾರು ಕುಳಿತು ನೋಡಬಲ್ಲರು ಎಂಬುದನ್ನು ತೀರ್ಮಾನಿಸುವುದು ಪರದೆ. ಆದ್ದರಿಂದ ಮೊದಲು ಪರದೆಯನ್ನು ಆರಿಸಿರಿ, ಅದಕ್ಕೆ ತಕ್ಕ ಯಂತ್ರವನ್ನು ಆಮೇಲೆ ನೋಡಿರಿ. ಎಂಥ ಪರದೆ ಎಂದರೆ, ಹೊಳಪಿಲ್ಲದ, ಅಚ್ಚ ಬಿಳಿಯ, 16:9 ಆಕಾರದ, ಸುಮಾರು 100 ಇಂಚಿನ ಸಾದಾ ಪರದೆ. ನಮ್ಮ ಕಡೆಯ ಮನೆಗಳಿಗೆ ಅದೇ ಸರಿಯೆಂದು ನಾನೇಕೆ ಹೇಳುತ್ತೇನೆ ಎಂಬುದನ್ನು ಒಂದೊಂದಾಗಿ ವಿವರಿಸುತ್ತೇನೆ. ಬೆಳಕಿನ ಪಾಠವನ್ನು ಅನೇಕ ವರ್ಷ ಹೇಳಿದವನು ಎಂಬ ಸಲಿಗೆಯಿಂದ ಈ ಮಾತು.

ಪ್ರತಿಫಲನದಲ್ಲಿ ಎರಡು ಬಗೆ ಎಂದು ನೀವು ತರಗತಿಯಲ್ಲಿ ಓದಿದ್ದೀರಿ. ನುಣುಪಾದ ಕನ್ನಡಿಯ ಮೇಲೆ ಬಿದ್ದ ಕಿರಣ, ಬಿದ್ದ ಕೋನದಷ್ಟೇ ಕೋನದಲ್ಲಿ ಒಂದೇ ದಿಕ್ಕಿಗೆ ಹೊರಡುತ್ತದೆ; ಅದು ನಿಯತ ಪ್ರತಿಫಲನ. ಸುಣ್ಣದ ಗೋಡೆಯ ಮೇಲೆ ಬಿದ್ದ ಕಿರಣ ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಅದು ಚದುರಿದ ಪ್ರತಿಫಲನ. ಪ್ರೊಜೆಕ್ಟರಿನ ಎದುರು ದೊಡ್ಡ ಕನ್ನಡಿಯನ್ನು ನಿಲ್ಲಿಸಿದರೆ ಅದರ ಮೇಲೆ ಚಿತ್ರ ಕಾಣುವುದಿಲ್ಲ. ಕಿರಣಗಳು ತಾಗಿದ ಎದುರು ಗೋಡೆಯ ಮೇಲೆ ಚಿತ್ರ ಮೂಡುತ್ತದೆ. ಅಂದರೆ ಪರದೆಯ ಕೆಲಸವೇ ಚದುರಿಸುವುದು. ತನ್ನ ಮೇಲೆ ಬಿದ್ದ ಬೆಳಕಿನ ಒಂದೊಂದು ಚುಕ್ಕೆಯನ್ನೂ ಕೋಣೆಯ ಮೂಲೆ ಮೂಲೆಗೆ ಕಳಿಸುವುದು.

ಇದರ ಪ್ರಯೋಗವನ್ನು ನೀವು ಕೈಯಾರೆ ಮಾಡಿದವರು. ಶಾಲೆಯ ಕರಿಹಲಗೆ ಬಳಸಿ ಬಳಸಿ ನುಣುಪಾಗಿ ಹೊಳೆಯತೊಡಗಿದಾಗ ಕಿಟಕಿಯ ಕಡೆಯ ಸಾಲಿನವರು "ಸರ, ಹಲಗಿ ಮಿಂಚತೈತ್ರಿ, ಅಕ್ಷರ ಕಾಣವಲ್ದು" ಎನ್ನುತ್ತಿದ್ದಿರಿ. ನಡುವಿನ ಸಾಲಿನವರಿಗೆ ಆ ತೊಂದರೆ ಇರುತ್ತಿರಲಿಲ್ಲ. ಆಗ ಶನಿವಾರ ಇದ್ದಿಲನ್ನೂ ಸೊಪ್ಪನ್ನೂ ಅರೆದು ತಂದು ಹಲಗೆಗೆ ಉಜ್ಜಿ ಹೊಳಪು ತೆಗೆಯುತ್ತಿದ್ದಿರಿ. ಸೋಮವಾರ ಎಲ್ಲ ಸಾಲಿಗೂ ಅಕ್ಷರ ಕಾಣುತ್ತಿತ್ತು. ಹೊಳೆಯುವ ಮೇಲ್ಮೈ ಕೆಲವರಿಗೆ ಮಾತ್ರ ಒಲಿಯುತ್ತದೆ, ಮಂಕಾದ ಮೇಲ್ಮೈ ಎಲ್ಲರಿಗೂ ಒದಗುತ್ತದೆ. ಪರದೆಯ ಶಾಸ್ತ್ರದಲ್ಲಿ ಮುಖ್ಯವಾದುದೆಲ್ಲ ಆ ಹಲಗೆಯಲ್ಲಿಯೇ ಇದೆ.

ಪರದೆ ನಮಗೆ ಹೊಸದೇನೂ ಅಲ್ಲ. ತೊಗಲುಗೊಂಬೆಯಾಟದವರು ಬಿಳಿಯ ಬಟ್ಟೆಯನ್ನು ಕಟ್ಟಿ, ಅದರ ಹಿಂದೆ ದೀಪವಿಟ್ಟು, ಬಣ್ಣ ಹಾಕಿದ ತೊಗಲಿನ ಗೊಂಬೆಗಳನ್ನು ಬಟ್ಟೆಗೆ ತಾಗಿಸಿ ಆಡಿಸುತ್ತಿದ್ದರು. ಅಲ್ಲಿ ಬೆಳಕು ಪರದೆಯನ್ನು ಹಾಯ್ದು ನಮ್ಮ ಕಡೆಗೆ ಬರುತ್ತದೆ. ಸಿನೆಮಾದಲ್ಲಿ ಬೆಳಕು ನಮ್ಮ ಬೆನ್ನಿನ ಕಡೆಯಿಂದ ಹೋಗಿ ಪರದೆಗೆ ತಾಗಿ ಹಿಂದಿರುಗುತ್ತದೆ. ಟೆಂಟ್ ಸಿನೆಮಾದ ದಿನಗಳಲ್ಲಿ, ಪ್ರಚಾರ ಇಲಾಖೆಯ ವಾಹನ ಊರಿಗೆ ಬಂದು ಬಯಲಿನಲ್ಲಿ 16 ಮಿಲಿಮೀಟರ್ ಚಿತ್ರ ತೋರಿಸುತ್ತಿದ್ದ ದಿನಗಳಲ್ಲಿ, ಪರದೆ ಎಂದರೆ ಎರಡು ಗಳಗಳ ನಡುವೆ ಬಿಗಿದ ಬಿಳಿ ಬಟ್ಟೆ. ಅದು ತೆಳುವಾಗಿದ್ದುದರಿಂದ ಮುಂದೆ ಜಾಗ ಸಿಗದವರು ಹಿಂದೆ ಹೋಗಿ ಕುಳಿತರೂ ಚಿತ್ರ ಕಾಣುತ್ತಿತ್ತು. ಅಕ್ಷರಗಳು ಮಾತ್ರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರುತ್ತಿದ್ದವು. ನಾಯಕ ಎಡಗೈಯಲ್ಲಿ ಖಡ್ಗ ಹಿಡಿದರೆ ಅವರಿಗೇನೂ ಅಡ್ಡಿಯಿರಲಿಲ್ಲ.

"ಬೆಳ್ಳಿತೆರೆ" ಎಂಬ ಮಾತು ಹುಟ್ಟಿದ್ದು ಬೇರೊಂದು ಬಗೆಯ ಪರದೆಯಿಂದ. ಸಿನೆಮಾದ ಮೊದಲ ದಶಕಗಳಲ್ಲಿ ಯಂತ್ರದ ದೀಪಗಳಿಗೆ ಶಕ್ತಿ ಸಾಲದೆ ಇದ್ದಾಗ, ಬಟ್ಟೆಗೆ ಲೋಹದ ಹೊಳಪಿನ ಬಣ್ಣ ಬಳಿದು ಚಿತ್ರವನ್ನು ಉಜ್ವಲಗೊಳಿಸುತ್ತಿದ್ದರು. ದೀಪಗಳು ಬಲವಾದ ಮೇಲೆ ಅದು ಹಿಂದೆ ಸರಿಯಿತು. ಬಿಳಿಯ ಪರದೆ ಬಂತು. ಕನ್ನಡಕ ಹಾಕಿಕೊಂಡು ನೋಡುವ ತ್ರೀಡಿ ಚಿತ್ರಗಳ ಒಂದು ಪದ್ಧತಿಗೆ ಬೆಳಕಿನ ಧ್ರುವೀಕರಣ ಉಳಿಯಬೇಕಾದ್ದರಿಂದ, ಆ ಮಂದಿರಗಳಲ್ಲಿ ಬೆಳ್ಳಿಯ ಪರದೆ ಮತ್ತೆ ಕಾಣಿಸಿಕೊಂಡಿತು. ಅಂದರೆ ಹೊಳೆಯುವ ಪರದೆಗೂ ತನ್ನದೇ ಆದ ಕಾರಣವಿದೆ. ಆ ಕಾರಣ ನಮ್ಮ ಮನೆಯಲ್ಲಿ ಇದೆಯೇ ಎಂದು ಕೇಳಿಕೊಳ್ಳಬೇಕು.

ಅಂಗಡಿಯಲ್ಲಿ ಮೊದಲು ಕೇಳಿಬರುವ ಪದ "ಗೇನ್". ಹೊಳಪಿಲ್ಲದ ಒಂದು ಆದರ್ಶ ಬಿಳಿ ಮೇಲ್ಮೈಯನ್ನು 1 ಎಂದು ಇಟ್ಟುಕೊಂಡು, ನೇರ ಎದುರಿನಿಂದ ನೋಡಿದಾಗ ಈ ಪರದೆ ಅದರ ಎಷ್ಟು ಪಟ್ಟು ಬೆಳಗುತ್ತದೆ ಎಂಬ ಸಂಖ್ಯೆಯೇ ಗೇನ್. "ಇದು 1, ಇದು 1.5, ಇದು 2.4" ಎಂದು ಮಾರುವವರು ಹೇಳುತ್ತಾರೆ. ಕೇಳುವವನ ಮನಸ್ಸು ಸಹಜವಾಗಿಯೇ 2.4ರ ಕಡೆಗೆ ಓಡುತ್ತದೆ. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದವನೇ ಜಾಣ ಎಂದು ಕಲಿಸಿದವರು ನಾವೇ ಅಲ್ಲವೇ!

ಆದರೆ ಪರದೆಗೆ ದೀಪವಿಲ್ಲ, ವಿದ್ಯುತ್ತಿನ ತಂತಿಯಿಲ್ಲ. ಇದ್ದ ಬೆಳಕಿಗೆ ಒಂದು ಕಣವನ್ನೂ ಅದು ಸೇರಿಸಲಾರದು. ನಡುವೆ ಎರಡು ಪಟ್ಟು ಕೊಡಬೇಕಾದರೆ ಅಂಚಿನವರಿಂದ ಕಿತ್ತುಕೊಂಡೇ ಕೊಡಬೇಕು. ನಮ್ಮ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಇದೆ. ಕಾಲುವೆಯಲ್ಲಿ ಹರಿಯುವ ನೀರು ಇಷ್ಟೇ. ಮೇಲ್ಭಾಗದ ಹೊಲದವರು ತೂಬನ್ನು ದೊಡ್ಡದು ಮಾಡಿಕೊಂಡು ಕಬ್ಬು ಹಚ್ಚಿದರೆ ಕೊನೆಯಂಚಿನ ರೈತನ ಜೋಳ ಒಣಗುತ್ತದೆ. ಮೇಲ್ಭಾಗದವನ ಹೊಲ ನೋಡಿ "ಈ ಕಾಲುವೆಗೆ ನೀರು ಹೆಚ್ಚು" ಎಂದು ಹೇಳಿದರೆ ಹೇಗೋ, "ಈ ಪರದೆಗೆ ಬೆಳಕು ಹೆಚ್ಚು" ಎಂಬ ಮಾತೂ ಹಾಗೆಯೇ.

ಇದನ್ನು ಅಳೆಯುವುದಕ್ಕೂ ಒಂದು ಸಂಖ್ಯೆ ಇದೆ. ಅದನ್ನು ಕೇಳಿ ಪಡೆಯಿರಿ: ಅರ್ಧ-ಗೇನ್ ಕೋನ. ನಡುವಿನಿಂದ ಎಷ್ಟು ಡಿಗ್ರಿ ಪಕ್ಕಕ್ಕೆ ಸರಿದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ ಎಂಬುದು ಅದರ ಅರ್ಥ. ಒಂದು ಪರದೆಗೆ ಇದು 25 ಡಿಗ್ರಿ ಎಂದು ಇಟ್ಟುಕೊಳ್ಳಿ. ಪರದೆಯಿಂದ 10 ಅಡಿ ದೂರದಲ್ಲಿ ಕುಳಿತವರ ಲೆಕ್ಕ ಹಾಕಿದರೆ, ನಡುಗೆರೆಯಿಂದ ಸುಮಾರು 4 ಅಡಿ 8 ಇಂಚು ಪಕ್ಕದಲ್ಲಿರುವವನಿಗೆ ಅರ್ಧ ಬೆಳಕು ಮಾತ್ರ. 14 ಅಡಿ ಅಗಲದ ಕೋಣೆಯಲ್ಲಿ ಗೋಡೆಯ ಬದಿಯ ಕುರ್ಚಿ ನಡುವಿನಿಂದ 6 ಅಡಿ ದೂರದಲ್ಲಿರುತ್ತದೆ. ಅಲ್ಲಿ ಅರ್ಧಕ್ಕಿಂತಲೂ ಕಡಿಮೆ. ಹೊಳಪಿಲ್ಲದ ಬಿಳಿ ಪರದೆಯಲ್ಲಾದರೋ ಎಲ್ಲ ಕುರ್ಚಿಗೂ ಬೆಳಕು ಹೆಚ್ಚುಕಡಿಮೆ ಒಂದೇ.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಹೊಸ ಮನೆಗೆ ಕರೆದೊಯ್ದು ಅಂಥ ಹೊಳಪಿನ ಪರದೆಯನ್ನು ತೋರಿಸಿದನು. ನಡುವೆ ಚರ್ಮದ ದೊಡ್ಡ ಕುರ್ಚಿಗಳು ಎರಡು. ಅಲ್ಲಿ ಕುಳಿತು ನೋಡಿದಾಗ ಚಿತ್ರ ನಿಜಕ್ಕೂ ಕಣ್ಣು ಕೋರೈಸುವಂತಿತ್ತು. ಅವನ ತಾಯಿಗೆ ಮೊಣಕಾಲು ನೋವು. ಮೆತ್ತನೆಯ ಕುರ್ಚಿಯಲ್ಲಿ ಕುಳಿತರೆ ಏಳುವುದು ಕಷ್ಟವಾದ್ದರಿಂದ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದರು. ಸ್ವಲ್ಪ ಹೊತ್ತಿಗೆ ಎದ್ದು ಅಡುಗೆಮನೆಗೆ ಹೋದರು. ನಾನು ಹಿಂದೆಯೇ ಹೋಗಿ, "ಯಾಕ್ರೀ ಯಕ್ಕಾ, ಸಿನೆಮಾ ಸೇರಲಿಲ್ಲೇನು?" ಎಂದು ಕೇಳಿದೆ. "ಸೇರತೈತ್ರೀ ಸರ. ಆದ್ರ ಅಲ್ಲಿ ಕುಂತ್ರ ಮಬ್ಬ ಮಬ್ಬ ಕಾಣತೈತಿ. ನನ್ನ ಕಣ್ಣ ಹೋಗ್ಯಾವೋ ಏನೋ ಅಂತ ಸುಮ್ಮನಾಗೇನಿ" ಎಂದರು.

ಆ ತಾಯಿಯ ಕಣ್ಣಿಗೆ ಏನೂ ಆಗಿರಲಿಲ್ಲ. ಅವರು ಕುಳಿತ ಜಾಗಕ್ಕೆ ಪರದೆ ಬೆಳಕನ್ನು ಕಳಿಸುತ್ತಿರಲಿಲ್ಲ, ಅಷ್ಟೆ. ಮಗನಿಗೆ ಇದು ತಿಳಿದಿರಲಿಲ್ಲ, ಏಕೆಂದರೆ ಅವನೆಂದೂ ಆ ಬಾಗಿಲ ಬಳಿ ಕುಳಿತು ನೋಡಿದವನಲ್ಲ. ನಮ್ಮ ಮನೆಗಳಲ್ಲಿ ನಡುವೆ ಕೂಡುವವರು ಯಾರು, ಅಂಚಿಗೆ ಕೂಡುವವರು ಯಾರು ಎಂಬುದು ನಿಮಗೇ ಗೊತ್ತು. ಹಣ ಹಾಕಿದವನು ನಡುವೆ. ಮುದುಕರು, ಅಡುಗೆಯ ನಡುನಡುವೆ ಬಂದು ನೋಡುವ ಹೆಣ್ಣುಮಕ್ಕಳು, ಪಕ್ಕದ ಮನೆಯ ಹುಡುಗರು, ಹೊಲದ ಕೆಲಸಕ್ಕೆ ಬರುವವರು ಅಂಚಿಗೆ. ಮಬ್ಬು ಕಂಡರೂ ಅವರು ಬಾಯಿ ಬಿಟ್ಟು ಹೇಳುವುದಿಲ್ಲ. ಎದ್ದು ಹೋಗುತ್ತಾರೆ.

"ಹಾಗಾದರೆ ಸಾದಾ ಪರದೆಯಲ್ಲಿ ಚಿತ್ರ ಮಂಕಾಗುವುದಿಲ್ಲವೇ?" ಎಂದು ಕೇಳಬಹುದು. ಲೆಕ್ಕ ಮಾಡಿ ನೋಡೋಣ. ಪರದೆಯ ಅಳತೆಯನ್ನು ಕರ್ಣದ ಇಂಚಿನಲ್ಲಿ ಹೇಳುವುದು ವಾಡಿಕೆ. 16:9 ಆಕಾರದ 100 ಇಂಚಿನ ಪರದೆ ಸುಮಾರು 87 ಇಂಚು ಅಗಲ, 49 ಇಂಚು ಎತ್ತರ ಇರುತ್ತದೆ. ಕ್ಷೇತ್ರಫಲ ಸುಮಾರು 29.6 ಚದರಡಿ. ಚಿತ್ರಮಂದಿರದ ಪರದೆಗೆ 16 ಫುಟ್-ಲ್ಯಾಂಬರ್ಟ್ ಬೆಳಕು ಇರಬೇಕೆಂಬುದು ಸಿನೆಮಾ ತಂತ್ರಜ್ಞರು ಒಪ್ಪಿಕೊಂಡ ಅಳತೆ. ಗೇನ್ 1 ಇರುವ ಪರದೆಯಲ್ಲಿ ಚದರಡಿಗೆ 16 ಲ್ಯೂಮೆನ್ ಬಿದ್ದರೆ ಆ ಅಳತೆ ತಲುಪುತ್ತದೆ. 29.6ನ್ನು 16ರಿಂದ ಗುಣಿಸಿದರೆ ಸುಮಾರು 475 ಲ್ಯೂಮೆನ್. ದೀಪ ಹಳೆಯದಾಗಿ ಅರ್ಧ ಶಕ್ತಿಗೆ ಇಳಿದಾಗಲೂ ಇಷ್ಟು ಉಳಿಯಬೇಕೆಂದರೆ ಹೊಸದರಲ್ಲಿ 950 ಲ್ಯೂಮೆನ್ ಬೇಕು. ಡಬ್ಬಿಯ ಮೇಲೆ ಬರೆದ ಲ್ಯೂಮೆನ್ ಎಲ್ಲವೂ ಸಿನೆಮಾ ನೋಡುವ ಬಣ್ಣದ ಹದದಲ್ಲಿ ದೊರೆಯುವುದಿಲ್ಲ ಎಂಬುದು ನಿಜ. ಆದರೂ 2000 ಲ್ಯೂಮೆನ್ ಎಂದು ಪ್ರಾಮಾಣಿಕವಾಗಿ ಬರೆದ ಯಂತ್ರಕ್ಕೆ ಕತ್ತಲ ಕೋಣೆಯಲ್ಲಿ ಇದು ಭಾರವಲ್ಲ. ಹೊಳಪಿನ ಪರದೆಯ ಅಗತ್ಯವೇ ಬರುವುದಿಲ್ಲ.

ಅಗತ್ಯ ಬರುವುದು ಅಳತೆಯ ಹಟಕ್ಕೆ ಬಿದ್ದಾಗ. 100ರ ಬದಲು 150 ಇಂಚು ಎಂದರೆ ಒಂದೂವರೆ ಪಟ್ಟು ಎಂದು ತೋರುತ್ತದೆ, ಕ್ಷೇತ್ರಫಲ 2.25 ಪಟ್ಟು ಆಗುತ್ತದೆ. 475ರ ಜಾಗದಲ್ಲಿ ಸುಮಾರು 1070 ಲ್ಯೂಮೆನ್, ದೀಪದ ಮುಪ್ಪನ್ನೂ ಲೆಕ್ಕ ಹಿಡಿದರೆ 2100ಕ್ಕೂ ಮೇಲೆ. ಅಷ್ಟು ಬೆಳಕು ಸಾಲದಾದಾಗ ಹೊಳಪಿನ ಪರದೆಯ ಆಸರೆ ಬೇಕಾಗುತ್ತದೆ, ಆಗ ಅಂಚಿನವರ ಪಾಲು ಹೋಗುತ್ತದೆ. ಮನೆಗೆ ಬಂದವರು ಬೆರಗಾಗಲಿ ಎಂಬ ಆಸೆಗೆ ಮನೆಯವರು ದಂಡ ತೆರಬೇಕೇ?

ಎಷ್ಟು ದೂರದಲ್ಲಿ ಕೂಡಬೇಕು ಎಂಬುದಕ್ಕೂ ಲೆಕ್ಕವಿದೆ. ಪರದೆಯ ಅಗಲ ನಮ್ಮ ಕಣ್ಣಿನಲ್ಲಿ 30ರಿಂದ 40 ಡಿಗ್ರಿಯ ಕೋನ ಮಾಡಿದರೆ ಚಿತ್ರಮಂದಿರದಲ್ಲಿ ಕುಳಿತ ಅನುಭವ ಬರುತ್ತದೆ; ಕತ್ತು ಆಚೀಚೆ ಹೊರಳಿಸುವ ಶ್ರಮವೂ ಇರುವುದಿಲ್ಲ. 87 ಇಂಚಿನ ಅಗಲಕ್ಕೆ ಇದು ಸುಮಾರು 10 ಅಡಿಯಿಂದ ಹದಿಮೂರೂವರೆ ಅಡಿ. 12 ಅಡಿಗೆ 16 ಅಡಿಯ ಕೋಣೆಯಲ್ಲಿ ಎರಡು ಸಾಲು ಹಾಯಾಗಿ ಹಿಡಿಯುತ್ತವೆ. ನಮ್ಮಲ್ಲಿ ಮಕ್ಕಳು ಮುಂದೆ ನವಲಗುಂದದ ಜಮಖಾನ ಹಾಸಿಕೊಂಡು ನೆಲದ ಮೇಲೆ ಕೂಡುವುದು ಖಂಡಿತ; ಕುರ್ಚಿ ಇದ್ದರೂ ಕೂಡುತ್ತಾರೆ. ಆದ್ದರಿಂದ ಪರದೆಯನ್ನು ಸೂರಿಗೆ ಒತ್ತಿ ಏರಿಸಬೇಡಿ. ಕೆಳಗಂಚು ನೆಲದಿಂದ ಎರಡೂವರೆ ಅಡಿ ಇದ್ದರೆ ಮೇಲಂಚು ಸುಮಾರು ಆರೂವರೆ ಅಡಿಗೆ ಬರುತ್ತದೆ. ಕುರ್ಚಿಯಲ್ಲಿ ಕುಳಿತವರ ಕಣ್ಣು ಪರದೆಯ ಕೆಳಗಿನ ಮೂರನೆಯ ಒಂದು ಭಾಗಕ್ಕೆ ನೇರವಾಗಿರುತ್ತದೆ, ನೆಲದವರ ಕತ್ತೂ ನೋಯುವುದಿಲ್ಲ.

ಇನ್ನು ಆಕಾರ. "ಸಿನೆಮಾದ ಹಾಗೆ ಉದ್ದನೆಯ 2.35:1 ಪರದೆ ಹಾಕಿಸಿ" ಎಂದು ಸಲಹೆ ಕೊಡುವವರಿದ್ದಾರೆ. ಬರಿಯ ಹೊಸ ಚಿತ್ರಗಳನ್ನೇ ನೋಡುವವರಿಗೆ ಅದು ಸರಿ. ನಮ್ಮ ಮನೆಗಳಲ್ಲಿ ನೋಡುವುದೇನು? 1961ರಲ್ಲಿ ಬಿ. ಆರ್. ಪಂತುಲು ಅವರು ನಿರ್ಮಿಸಿ ನಿರ್ದೇಶಿಸಿದ, ಬಿ. ಸರೋಜಾದೇವಿಯವರು ರಾಣಿಯಾದ "ಕಿತ್ತೂರು ಚೆನ್ನಮ್ಮ" ಚಿತ್ರವನ್ನು ನಮ್ಮ ಸೀಮೆಯವರು ಬಿಡುವುದುಂಟೇ? ಚೆನ್ನಮ್ಮನ ಸಮಾಧಿ ಇರುವುದು ನಮ್ಮ ಬೈಲಹೊಂಗಲದಲ್ಲಿ. ಆ ಕಾಲದ ಕಪ್ಪುಬಿಳುಪು ಚಿತ್ರಗಳು ಸಾಮಾನ್ಯವಾಗಿ ಹೆಚ್ಚುಕಡಿಮೆ ಚೌಕಕ್ಕೆ ಹತ್ತಿರವಾದ 1.37:1 ಆಕಾರದವು. ಕನ್ನಡಕ್ಕೆ ಸಿನೆಮಾಸ್ಕೋಪ್ ಬಂದದ್ದು 1977ರಲ್ಲಿ, "ಸೊಸೆ ತಂದ ಸೌಭಾಗ್ಯ" ಚಿತ್ರದೊಂದಿಗೆ. ಅಂದರೆ ಹಿರಿಯರು ಕೇಳುವ ಚಿತ್ರಗಳಲ್ಲಿ ಬಹುಪಾಲು ಉದ್ದನೆಯ ಪರದೆಗೆ ಹೊಂದುವಂಥವಲ್ಲ.

87 ಇಂಚು ಅಗಲ, 37 ಇಂಚು ಎತ್ತರದ ಉದ್ದನೆಯ ಪರದೆಯಲ್ಲಿ ಆ ಹಳೆಯ ಚಿತ್ರ ನಡುವೆ 51 ಇಂಚು ಅಗಲದ ತುಂಡಾಗಿ ಉಳಿಯುತ್ತದೆ. ಕ್ರಿಕೆಟ್ ಪಂದ್ಯ 66 ಇಂಚಿಗೆ ಕುಗ್ಗುತ್ತದೆ. ಅದೇ ಅಗಲದ 16:9 ಪರದೆಯಲ್ಲಾದರೆ ಹೊಸ ಸಿನೆಮಾ ಪೂರ್ತಿ 87 ಇಂಚು ಅಗಲಕ್ಕೇ ಬರುತ್ತದೆ, ಮೇಲೆ ಕೆಳಗೆ ಕಪ್ಪು ಪಟ್ಟಿಗಳೊಡನೆ. ಕ್ರಿಕೆಟ್ ಪರದೆ ತುಂಬುತ್ತದೆ. ಹಳೆಯ ಚಿತ್ರ 67 ಇಂಚು ಅಗಲ, 49 ಇಂಚು ಎತ್ತರವಾಗಿ ಕಾಣುತ್ತದೆ. ಮೊಮ್ಮಗ ನೋಡುವುದಕ್ಕೂ ಅಜ್ಜಿ ನೋಡುವುದಕ್ಕೂ ನ್ಯಾಯ ಸಿಗುವ ಆಕಾರ ಇದು.

ಪರದೆಯಷ್ಟೇ ಮುಖ್ಯವಾದುದು ಅದು ನಿಲ್ಲುವ ಕೋಣೆ. ಪ್ರೊಜೆಕ್ಟರ್ ಬಿಳಿಯನ್ನು ಚೆಲ್ಲಬಲ್ಲದು, ಕಪ್ಪನ್ನು ಚೆಲ್ಲಲಾರದು. ಯಂತ್ರ ಹಚ್ಚುವ ಮೊದಲು ಆ ಕೋಣೆಯಲ್ಲಿ ಪರದೆ ಎಷ್ಟು ಬೆಳ್ಳಗೆ ಕಾಣುತ್ತದೆಯೋ, ಚಿತ್ರದೊಳಗಿನ ಕಪ್ಪು ಅದಕ್ಕಿಂತ ಕಪ್ಪಾಗಲಾರದು. ಹಗಲು ಬೆಳಕಿನಲ್ಲಿ ರಾತ್ರಿಯ ದೃಶ್ಯ ಸುಣ್ಣದ ನೀರಿನಂತೆ ಕಾಣುವುದು ಇದರಿಂದ. ಇದಕ್ಕೆ ಪರದೆಯನ್ನು ದೂರಿ ಫಲವಿಲ್ಲ.

ನಮ್ಮ ಹಿರಿಯರ ಮನೆಗಳನ್ನು ನೆನೆಯಿರಿ. ಎರಡಡಿ ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ, ಕೈಯಗಲದ ಕಿಟಕಿ. ಚಚಡಿಯ ದೇಸಾಯರ ವಾಡೆಯಿಂದ ಹಿಡಿದು ಸಾಮಾನ್ಯ ಒಕ್ಕಲಿಗನ ಮನೆಯವರೆಗೆ ಈ ಕಡೆಯ ಹಳೆಯ ಕಟ್ಟಡಗಳ ಗುಣವೇ ಅದು. ಅಂಥ ನಡುಮನೆಯಲ್ಲಿ ಬೆಳಕಿಂಡಿ ಮುಚ್ಚಿದರೆ ಮಟಮಟ ಮಧ್ಯಾಹ್ನವೂ ಕತ್ತಲು, ಬೇಸಿಗೆಯಲ್ಲೂ ತಂಪು. ಪ್ರೊಜೆಕ್ಟರಿಗೆಂದೇ ಕಟ್ಟಿದಂತಿದೆ! ಹಳೆಯ ಮನೆ ಕೆಡವಿ ಹೊಸ ಥಿಯೇಟರ್ ಕಟ್ಟುವವರು ಕೆಡಹುವ ಮೊದಲು ಒಮ್ಮೆ ಆ ನಡುಮನೆಯಲ್ಲಿ ಯಂತ್ರ ಇಟ್ಟು ನೋಡಿ ಎಂಬುದು ನನ್ನ ವಿನಂತಿ.

ಹೊಸ ಸಿಮೆಂಟು ಮನೆಯಲ್ಲಿ ದೊಡ್ಡ ಗಾಜಿನ ಕಿಟಕಿ, ಹೊಳೆಯುವ ಬಿಳಿ ಬಣ್ಣ, ಮುಖ ಕಾಣುವಷ್ಟು ನುಣುಪಾದ ನೆಲಹಾಸು ಕಲ್ಲು. ಅಲ್ಲಿ ಪರದೆಯಿಂದ ಚೆಲ್ಲಿದ ಬೆಳಕು ಗೋಡೆಗೆ, ಸೂರಿಗೆ, ನೆಲಕ್ಕೆ ತಾಗಿ ಮತ್ತೆ ಪರದೆಗೇ ಬಂದು ಬೀಳುತ್ತದೆ. ಚಿತ್ರ ತನ್ನ ಬೆಳಕಿನಿಂದ ತಾನೇ ಕೆಡುತ್ತದೆ. ಮದ್ದು ಸುಲಭ. ಪರದೆಯ ಸುತ್ತಲಿನ ಗೋಡೆಗೂ ಅದರ ಮುಂದಿನ ಸೂರಿಗೂ ಹೊಳಪಿಲ್ಲದ ಗಾಢ ಬಣ್ಣ ಬಳಿಯಿರಿ, ಕಿಟಕಿಗೆ ದಪ್ಪನೆಯ ಪರದೆ ಕಟ್ಟಿರಿ, ನೆಲಕ್ಕೆ ಜಮಖಾನ ಹಾಸಿರಿ. ದುಬಾರಿ ಪರದೆ ಮಾಡಲಾರದ ಕೆಲಸವನ್ನು ಎರಡು ಡಬ್ಬಿ ಬಣ್ಣ ಮಾಡುತ್ತದೆ.

ಕತ್ತಲು ಮಾಡಲು ಸಾಧ್ಯವೇ ಇಲ್ಲದ ಪಡಸಾಲೆಗೆಂದು ಬೇರೆ ಪರದೆಗಳು ಬಂದಿವೆ. ಬೂದುಬಣ್ಣದ ಪರದೆ ಕಪ್ಪನ್ನು ತುಸು ಗಾಢಗೊಳಿಸುತ್ತದೆ, ಜೊತೆಗೆ ಬಿಳಿಯನ್ನೂ ತಗ್ಗಿಸುತ್ತದೆ. ಸುತ್ತಲಿನ ಬೆಳಕನ್ನು ನುಂಗುವ ಇನ್ನೊಂದು ಬಗೆಯ ಪರದೆಯ ಮೇಲೆ ಗರಗಸದ ಹಲ್ಲಿನಂಥ ಸೂಕ್ಷ್ಮ ಗೆರೆಗಳಿರುತ್ತವೆ. ಕೆಳಗಿನಿಂದ ಬಂದ ಬೆಳಕನ್ನು ನಮ್ಮತ್ತ ತಿರುಗಿಸಿ, ಸೂರಿನ ದೀಪದ ಬೆಳಕನ್ನು ಹೀರಿಕೊಳ್ಳುತ್ತವೆ. ಗೋಡೆಯ ಬುಡದಲ್ಲಿ ಮೇಜಿನ ಮೇಲಿಡುವ ಅತಿ ಸಮೀಪದ ಪ್ರೊಜೆಕ್ಟರಿಗೆ ಮಾಡಿದ ಪರದೆ ಅದು. ಸೂರಿಗೆ ನೇತುಹಾಕಿದ ಯಂತ್ರಕ್ಕೆ ಅದನ್ನು ಕಟ್ಟಿದರೆ ಯಂತ್ರದ ಬೆಳಕನ್ನೇ ನುಂಗಿಬಿಡುತ್ತದೆ. ಯಂತ್ರ ಎಲ್ಲಿ ಕೂಡುತ್ತದೆ ಎಂದು ಹೇಳದೆ ಈ ಪರದೆಯನ್ನು ಕೊಳ್ಳಬಾರದು.

ಸುರುಳಿ ಸುತ್ತುವ ಪರದೆ ಬೇಕೋ, ಚೌಕಟ್ಟಿಗೆ ಬಿಗಿದದ್ದು ಬೇಕೋ? ಬೇರೆಯದೇ ಕೋಣೆ ಇದ್ದರೆ ಚೌಕಟ್ಟಿನದೇ ಮೇಲು. ಸುತ್ತಿ ಬಿಚ್ಚುವ ಸಾದಾ ಪರದೆ ಕೆಲವು ವರ್ಷಗಳಲ್ಲಿ ಅಲೆಯಲೆಯಾಗುತ್ತದೆ. ಕ್ಯಾಮೆರಾ ಪಕ್ಕಕ್ಕೆ ಸರಿದಾಗ ಮನೆ, ಮರಗಳೆಲ್ಲ ಬಳುಕುತ್ತವೆ. ಸುತ್ತುವುದೇ ಅನಿವಾರ್ಯವಾದರೆ ಎರಡೂ ಅಂಚಿಗೆ ದಾರ ಎಳೆದು ಬಿಗಿ ಹಿಡಿಯುವ, ಟ್ಯಾಬ್ ಟೆನ್ಶನ್ ಎಂದು ಕರೆಯುವ ಬಗೆಯನ್ನು ಕೊಳ್ಳಿರಿ. ಎರೆಮಣ್ಣಿನ ಸೀಮೆ ನಮ್ಮದು. ಬೇಸಿಗೆಯ ಗಾಳಿಗೆ ಧೂಳು ಎಲ್ಲಿಯೂ ನುಗ್ಗುತ್ತದೆ. ನೋಡದ ಹೊತ್ತಿನಲ್ಲಿ ಚೌಕಟ್ಟಿನ ಮೇಲೆ ಹಗುರವಾದ ಬಟ್ಟೆಯನ್ನು ಇಳಿಬಿಡಿ. ಒರೆಸುವಾಗ ಒತ್ತಿ ತಿಕ್ಕಬೇಡಿ, ತಿಕ್ಕಿದ ಜಾಗ ಹೊಳಪೇರುತ್ತದೆ. ಕರಿಹಲಗೆಯ ಕತೆಯೇ ಮತ್ತೆ.

ಧ್ವನಿಪೆಟ್ಟಿಗೆಗಳನ್ನು ಪರದೆಯ ಹಿಂದೆ ಇಡಬೇಕೆನ್ನುವವರಿಗೆ ಸೂಕ್ಷ್ಮ ರಂಧ್ರಗಳ ಪರದೆಯೂ ನೇಯ್ದ ಬಟ್ಟೆಯ ಪರದೆಯೂ ಸಿಗುತ್ತವೆ. ಇಲ್ಲಿ ನೇಯ್ಗೆಯ ಹದ ಮುಖ್ಯ. ನಾಲ್ಕು-ಕೆ ಯಂತ್ರ ಅಗಲದಲ್ಲಿ 3840 ಚುಕ್ಕೆಗಳನ್ನು ಮೂಡಿಸುತ್ತದೆ. 87 ಇಂಚಿಗೆ ಹಂಚಿದರೆ ಒಂದು ಚುಕ್ಕೆ ಸುಮಾರು 0.6 ಮಿಲಿಮೀಟರ್. ನೂಲಿನ ಎಳೆಗಳು ಅದಕ್ಕಿಂತ ಸಾಕಷ್ಟು ಒತ್ತಾಗಿರಬೇಕು. ಇಲ್ಲವಾದರೆ ಚುಕ್ಕೆಗಳ ಸಾಲೂ ಎಳೆಗಳ ಸಾಲೂ ಸೇರಿ, ಎರಡು ತೆಳುಸೀರೆಗಳನ್ನು ಒಂದರ ಮೇಲೊಂದು ಹಿಡಿದಾಗ ಕಾಣುವಂಥ ಅಲೆಗಳು ಚಿತ್ರದ ಮೇಲೆ ಏಳುತ್ತವೆ. ರಾಮದುರ್ಗ, ಸುರೇಬಾನದ ನೇಕಾರರ ಮನೆಯ ಮಕ್ಕಳಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಈಗ ಆಕ್ಷೇಪಗಳಿಗೆ ಬರೋಣ. "ಸರ, ಈಗ ಗೋಡೆಯಗಲದ ಟಿವಿಗಳೇ ಬಂದಾವಲ್ರಿ, ಪರದೆ ಯಾಕ ಬೇಕು?" ನಿಜ, 98, 100 ಇಂಚಿನ ಟಿವಿಗಳೂ ಈಗ ಮಾರಾಟಕ್ಕಿವೆ. ಹಗಲು ಹೊತ್ತಿನಲ್ಲಿ, ಬೆಳಕಿರುವ ಪಡಸಾಲೆಯಲ್ಲಿ ನೋಡುವವರಿಗೆ ಟಿವಿಯೇ ಒಳ್ಳೆಯದು ಎಂದು ನಾನೂ ಹೇಳುತ್ತೇನೆ. ಕತ್ತಲು ಮಾಡಬಲ್ಲ ಕೋಣೆ ಇದ್ದು, ಹತ್ತಾರು ಜನ ಸೇರಿ ನೋಡುವ ರೂಢಿಯಿದ್ದರೆ ಪರದೆಯ ಬೆಲೆ ಬೇರೆ. ಸ್ವತಃ ಉರಿಯುವ ಗಾಜಿಗಿಂತ ಬಟ್ಟೆಯಿಂದ ತಿರುಗಿ ಬಂದ ಬೆಳಕು ಕಣ್ಣಿಗೆ ತಂಪು ಎಂಬುದು ನನ್ನ ಅನುಭವ.

"ನಾನೊಬ್ಬನೇ, ಬಹಳವಾದರೆ ನಾವಿಬ್ಬರೇ ನೋಡುವುದು" ಎನ್ನುವವರೂ ಇದ್ದಾರೆ. ಅವರು ಬೇಕಾದರೆ ತುಸು ಹೊಳಪಿನ ಪರದೆ ಕೊಳ್ಳಲಿ. ಬೆಳಕನ್ನು ನಡುವಿಗೆ ಕೂಡಿಸಿಕೊಂಡರೆ ಯಾರ ಪಾಲೂ ಹೋಗುವುದಿಲ್ಲ. ಆದರೆ ಊರಿನಲ್ಲಿ ಕಟ್ಟುವ ಮನೆ ಇಬ್ಬರದಾಗಿ ಉಳಿಯುವುದು ಅಪರೂಪ. ಜಾತ್ರೆಗೆ, ದೀಪಾವಳಿಗೆ, ಮಕ್ಕಳ ಬೇಸಿಗೆ ರಜೆಗೆ ಆ ಕೋಣೆಯಲ್ಲಿ ಎಷ್ಟು ಜನ ಸೇರುತ್ತಾರೆ ಎಂಬುದನ್ನು ಎಣಿಸಿ ನೋಡಿ.

"ಅಷ್ಟು ಹಣವಿಲ್ಲ" ಎನ್ನುವವರಿಗೆ ಇನ್ನೂ ಸುಲಭದ ಹಾದಿಯಿದೆ. ನುಣ್ಣಗೆ ಗಾರೆ ಮಾಡಿದ ಗೋಡೆಗೆ ಹೊಳಪಿಲ್ಲದ ಬಿಳಿ ಬಣ್ಣ ಬಳಿದು, ಸುತ್ತ ನಾಲ್ಕಿಂಚಿನ ಕಪ್ಪು ಅಂಚು ಬರೆದರೆ, ಮೇಲೆ ಹೇಳಿದ ಸಾದಾ ಪರದೆಯ ಗುಣಗಳಲ್ಲಿ ಬಹುಪಾಲು ಅದಕ್ಕೂ ಬರುತ್ತವೆ. ಒಂದು ವರ್ಷ ಅದರಲ್ಲೇ ನೋಡಿ, ಅಳತೆ, ಎತ್ತರ, ದೂರಗಳನ್ನು ಸರಿಪಡಿಸಿಕೊಂಡು ಆಮೇಲೆ ಪರದೆ ಕೊಂಡರೆ ಅಳತೆ ಖಂಡಿತ ತಪ್ಪುವುದಿಲ್ಲ.

ಅಂಗಡಿಗೆ ಹೋಗುವವರಿಗೆ ಒಂದು ಚಿಕ್ಕ ಪ್ರಯೋಗ ಹೇಳುತ್ತೇನೆ. ಜೇಬಿನಲ್ಲಿ ಹೊಳಪಿಲ್ಲದ ಸಾದಾ ಬಿಳಿ ಹಾಳೆಯೊಂದನ್ನು ಒಯ್ಯಿರಿ. ಪರದೆಯ ಮೇಲೆ ಬಿಳಿಯ ಚಿತ್ರ ಬೀಳುತ್ತಿರುವಾಗ ಅದನ್ನು ಪರದೆಗೆ ಒತ್ತಿ ಹಿಡಿಯಲು ಜೊತೆಗಾರನಿಗೆ ಹೇಳಿ, ಮೊದಲು ನೇರ ಎದುರು ನಿಂತು ನೋಡಿ. ಆಮೇಲೆ ಗೋಡೆಯ ಬದಿಗೆ ಹೋಗಿ ನೋಡಿ. ನಡುವೆ ಹಾಳೆಗಿಂತ ಪರದೆ ಬೆಳ್ಳಗಿದ್ದು, ಬದಿಯಲ್ಲಿ ಹಾಳೆಗಿಂತ ಕಪ್ಪಾಗಿ ಕಂಡರೆ ಅದು ಅಂಚಿನವರ ಪಾಲು ಕಿತ್ತುಕೊಳ್ಳುವ ಪರದೆ. ಎರಡೂ ಕಡೆ ಹಾಳೆಯ ಜೊತೆಗೆ ಸಮವಾಗಿ ನಿಂತರೆ ಅದನ್ನು ಕೊಳ್ಳಲು ಅಡ್ಡಿಯಿಲ್ಲ. ಯಾವ ಕಂಪನಿಯದು ಎಂಬುದು ಆಮೇಲಿನ ಮಾತು.

ಮುಂದೆ ನನಗೆ ಮನೆಯ ನಕ್ಷೆ ಕಳಿಸುವವರಲ್ಲಿ ಒಂದು ಬೇಡಿಕೆ. ಥಿಯೇಟರ್ ಕೋಣೆಯ ಚೌಕದಲ್ಲಿ ಪರದೆ, ಯಂತ್ರಗಳ ಜೊತೆಗೆ ಕೂಡುವವರ ಜಾಗಗಳನ್ನೂ ಗುರುತಿಸಿ ಕಳಿಸಿರಿ. ಅವ್ವನ ಕುರ್ಚಿ ಎಲ್ಲಿ, ಮಕ್ಕಳ ಜಮಖಾನ ಎಲ್ಲಿ, ಬಂದವರು ಎಲ್ಲಿ ಕೂಡುತ್ತಾರೆ ಎಂದು ಬರೆಯಿರಿ. ಆ ಜಾಗಗಳಿಂದ ಪರದೆಯ ನಡುವಿಗೆ ಗೆರೆ ಎಳೆದು ಕೋನ ಅಳೆಯುವ ಕೆಲಸ ನನ್ನದು. ಕೋನಮಾಪಕ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ.